ಪರ್ಶಿಯನ್ನೋ ಸಯಾಮೀಸೋ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತೆನೆಂದು ಬೈದುಕೊಂಡಿರುತ್ತೀಯ, ಬೈದುಕೋ. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಹೊರಟಾಗಲೆಲ್ಲ ಕೈ ತಡೆಯುತ್ತಿತ್ತು. ಎಲ್ಲ ಶುರುವಾದದ್ದು ಒಂದು ಬೆಕ್ಕಿನಿಂದ. ನಗಬೇಡ.

ನಮ್ಮ ಚಿನಕುರುಳಿ ಮಗಳು ಬೆಕ್ಕು ಬೇಕೇ ಬೇಕು ಎಂದು ಹಟ ಹಿಡಿದಿದ್ದಳು. ಅವಳ ಕಣ್ಣು ಪರ್ಶಿಯನ್ ಮೇಲೆ. ಹತ್ತಿಯ ಉಂಡೆಯಂಥ ಮೈ, ಚಪ್ಪಟೆ ಮೂತಿ. ನನಗೂ ಅದೇ ಸರಿ ಎನ್ನಿಸಿತ್ತು. ದಿನಾ ಬಾಚಬೇಕು ನಿಜ, ಆದರೆ ಸದ್ದುಗದ್ದಲವಿಲ್ಲದ ಪ್ರಾಣಿ. ಮಗಳು ಎರಡು ಜಾತಿಯ ಚಿತ್ರಗಳನ್ನು ಅಪ್ಪನ ಮುಂದೆ ಹಿಡಿದಳು. ಬೆಕ್ಕು ಕಂಡರೆ ಕಾಲು ಮೇಲೆತ್ತಿ ಕೂರುವ ನಿನ್ನ ಭಾವ, ರಿಪೇರಿಗೆ ಬಿಚ್ಚಿದ್ದ ಗಡಿಯಾರ ಬದಿಗಿಟ್ಟು, ಸಯಾಮೀಸ್ ಮೇಲೆ ಬೆರಳಿಟ್ಟರು.

"ಇದನ್ನೇ ತರೋಣ. ಕೂದಲು ಗಿಡ್ಡ, ನಮ್ಮ ಹಿಂದೆ ಹಿಂದೆನೇ ಸುತ್ತುತ್ತೆ. ಮಗು ಅತ್ತ ಹಾಗೆ ಕೂಗುತ್ತೆ."

ಮತ್ತೆ ಗಡಿಯಾರದೊಳಗೆ ತಲೆ ಹುದುಗಿಸಿದರು.

"ಇದೆಲ್ಲ ನಿಮಗೆ ಯಾರು ಹೇಳಿದ್ರು?" ಎಂದೆ. ಅವರು ಸ್ಕ್ರೂ ತಿರುಗಿಸುತ್ತಲೇ ಇದ್ದರು.

ತಲೆಯೊಳಗೆ ಹುಳ ಹೊಕ್ಕಿತು. ಕೆಲಕಾಲದಿಂದ ಮನುಷ್ಯ ಮನೆಯಲ್ಲಿದ್ದೂ ಇಲ್ಲದ ಹಾಗಿದ್ದರು. ಏನು ಹೇಳಿದರೂ "ಹೂಂ". ನಗಬಾರದ ಕಡೆ ನಗು. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಸಂಜೆ ತಡ. ಅವರ ಪ್ಯಾಂಟಿಗೆ ಇಸ್ತ್ರಿ ಹಾಕುವಾಗ ತೊಡೆಯ ಮೇಲೆ ಕೆನೆಬಣ್ಣದ ಗಿಡ್ಡ ಕೂದಲು ಸಿಕ್ಕಿತು. ಲಾಂಡ್ರಿಯಲ್ಲಿ ದುಡಿಯುವ ನನಗೆ ಬೆಕ್ಕಿನ ಕೂದಲು ಗೊತ್ತಾಗುವುದಿಲ್ಲವೇ? ಬೆಕ್ಕಿಗೆ ಹೆದರುವವರ ತೊಡೆಯೇರಿದ ಬೆಕ್ಕು ಯಾರ ಮನೆಯದು, ನೀನೇ ಹೇಳು.

ಸೋಮವಾರ ಅರ್ಧ ದಿನ ರಜೆ ಹಾಕಿ ಅವರ ಹಿಂದೆಯೇ ಹೋದೆ. ಅಂಗಡಿಗೆ ಬೀಗ ಹಾಕಿ, ಟೈರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು. ಒಬ್ಬ ಹೆಂಗಸು ಬಿಳಿಯ ಪರ್ಶಿಯನ್ ಬೆಕ್ಕಿನ ಮೈ ಬಾಚುತ್ತಿದ್ದಳು. ಇವರು ನನಗೆ ಬೆನ್ನು ಹಾಕಿ ಕೂತು, ತೊಡೆಯ ಮೇಲೆ ಸಯಾಮೀಸ್ ಇಟ್ಟುಕೊಂಡು ನಗುತ್ತಿದ್ದರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ!

"ಒಳ್ಳೆ ಜಾಗ ಹುಡುಕ್ಕೊಂಡಿದ್ದೀರಿ," ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಅಂದೆ. ಆಗಲೂ ಇಲ್ಲ. ಆ ಹೆಂಗಸು ಅವರ ಭುಜ ಮುಟ್ಟಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವರ ಮನೆಯೋರಾ? ಹಿಂದಿಂದ ಮಾತಾಡಿದ್ರೆ ಅವರಿಗೆ ಗೊತ್ತಾಗಲ್ಲಮ್ಮ. ನಿಮಗೆ ಹೇಳಿಲ್ವಾ?"

ಆಕೆ ಬೆಕ್ಕು ಸಾಕಿ ಮಾರುವವಳು. ಮಗಳಿಗಾಗಿ ವಿಚಾರಿಸಲು ಹೋದ ಇವರು ಅಲ್ಲೇ ಅಂಟಿಕೊಂಡಿದ್ದರು. ಮೆಟ್ಟಿಲ ಮೇಲೆ ಕೂತು ನನ್ನ ತುಟಿ ನೋಡುತ್ತಾ ಹೇಳಿದರು:

"ಕಿವಿ ಹೋಗ್ತಾ ಇದೆ ಕಣೇ. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಪರ್ಶಿಯನ್ ಬಾಯಿ ತೆರೆಯೋದಷ್ಟೇ ಕಾಣುತ್ತೆ. ಸಯಾಮೀಸ್ ಕೂಗಿದ್ರೆ ನನಗೆ ಕೇಳುತ್ತೆ."

"ಆಕೆಗೆ ಹೇಳಿದ್ರಿ. ನನಗ್ಯಾಕೆ ಹೇಳಲಿಲ್ಲ?"

"ಆಕೆಗೆ ಹೇಳಿದ್ರೆ ಬರೀ ಸುದ್ದಿ. ನಿನಗೆ ಹೇಳಿದ್ರೆ ನಿಜ ಆಗೋಗುತ್ತಲ್ಲ."

ಈಗ ಸಯಾಮೀಸ್ ನಮ್ಮ ಮನೆಯಲ್ಲಿದೆ. ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದಳು, ಈಗ ಅವಳೂ ಬೆಕ್ಕೂ ಸೇರಿ ಕಿರುಚುತ್ತಾರೆ. ಬೆಕ್ಕು ಕೂಗಿದರೆ ನಿನ್ನ ಭಾವ ಪಕ್ಕದ ಕೋಣೆಯಿಂದ "ಬಂದೆ, ಬಂದೆ" ಎನ್ನುತ್ತಾರೆ. ಮುಂದಿನ ವಾರ ಕಿವಿಗೆ ಮೆಷಿನ್ ಹಾಕಿಸಲು ಹೋಗಬೇಕು. ಈ ಸಲ ನಾನೂ ಜೊತೆಗೆ.

ಮಂಡಿಗೆ ಎಣ್ಣೆ ತಿಕ್ಕಿಕೋ, ಭಾರ ಎತ್ತಬೇಡ. ನೀನೂ ಮಕ್ಕಳೂ ತಣ್ಣಗಿರಿ.

ಇತಿ,
ನಿನ್ನ ಅಕ್ಕ

ತಾ.ಕ.: ಬೆಕ್ಕಿನ ಮಾತು ಹುಟ್ಟುವುದಕ್ಕೂ ಮುಂಚೆ, ಅವರು ನನಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಾಗ ಕೇಳಿದ್ದೆ, "ನಾನು ನಿಮಗೆ ಇನ್ನೂ ಬೇಕಾ?" ಅವರು ಏನೂ ಹೇಳಲಿಲ್ಲ. ಎದುರು ಕೂತು ಇನ್ನೊಮ್ಮೆ ಕೇಳಲು ನನಗೆ ಬಾಯಿ ಬರುತ್ತಿಲ್ಲ. ಅವರಿಗೆ ಕೇಳಿಸಲಿಲ್ಲ ಎಂದೇ ನಂಬಲು ನೋಡುತ್ತಿದ್ದೇನೆ. ಆದರೆ ತಂಗಿ, ನಾನು ಬಾಯಿ ತೆರೆದಾಗ ಅವರು ನಲ್ಲಿ ನಿಲ್ಲಿಸಿದರು. ಮಾತು ಮುಗಿದ ಮೇಲೆ ಮತ್ತೆ ನೀರು ಬಿಟ್ಟರು.