ಅಪ್ಪನಿಗೆ ಬಹುವಚನ

ಮಾರ್ಚ್ ೧೧, ಮಂಗಳವಾರ

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿ ಎರಡು ವಾರವಾಯಿತಂತೆ. ಇವತ್ತು ಫೋನಿನಲ್ಲಿ ಅತ್ತಿಗೆ ಬಾಯಿತಪ್ಪಿ ಹೇಳಿಬಿಟ್ಟರು. ಮನೆಯವರೆಲ್ಲ ಸೇರಿ ನನ್ನಿಂದ ಮುಚ್ಚಿಟ್ಟಿದ್ದಾರೆ. ನಾನೋ, ಈ ಪರದೇಶದಲ್ಲಿ ಹೃದಯರೋಗಿಗಳ ವಾರ್ಡಿನಲ್ಲೇ ನರ್ಸು!

ಅಮ್ಮನ ಮೇಲೆ ರೇಗಿದೆ. “ಹೇಳಿದ್ರೆ ನೀನೇನು ರೆಕ್ಕೆ ಕಟ್ಕೊಂಡು ಬರ್ತಿದ್ಯಾ? ಅಲ್ಲಿ ಒಬ್ಳೇ ಕೂತು ಅಳ್ತಿದ್ದೆ, ಅಷ್ಟೇ” ಎಂದಳು. ನಿಜ, ಹೊಸ ಕೆಲಸ, ರಜೆ ಸಿಗುತ್ತಿರಲಿಲ್ಲ. ಹಾಗಾದರೆ ನನಗೆ ಕೋಪ ಯಾರ ಮೇಲೆ? ಬೆಳಿಗ್ಗೆ ಅದೇ ಚಿಕಿತ್ಸೆಯಾದ ಮುದುಕರೊಬ್ಬರನ್ನು ತೋಳು ಹಿಡಿದು ನಡೆಸುತ್ತಿದ್ದೆ. ಅವರ ಮಗಳು ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಬರುತ್ತಿದ್ದಳು. ಆಗ ನನಗೇನೂ ಅನ್ನಿಸಿರಲಿಲ್ಲ. ಈಗ ಆ ಚಪ್ಪಲಿಗಳೇ ಕಣ್ಣಮುಂದೆ.

ಆಮೇಲೆ ಅಪ್ಪ ಫೋನ್ ತೆಗೆದುಕೊಂಡ. “ಮೆಟ್ಟಿಲು ಹತ್ತಬಹುದೇನಮ್ಮಾ?” ಎಂದು ಮೆಲ್ಲಗೆ ಕೇಳಿದ. ಅಳು ಬಂದೀತೆಂದು ಒಂದೇ ಉಸಿರಿಗೆ, “ನಿಧಾನಕ್ಕೆ ಹತ್ತಿ. ಎದೆ ನೋವು ಬಂದ್ರೆ ತಕ್ಷಣ ಕೂತ್ಕೊಳ್ಳಿ. ಮಾತ್ರೆ ಒಂದು ಹೊತ್ತೂ ಬಿಡ್ಬೇಡಿ” ಎಂದೆ. ವಾರ್ಡಿನಲ್ಲಿ ರೋಗಿಗಳೊಡನೆ ಆಡುವ ಅದೇ ಧ್ವನಿ. ಮಾತು ಕಲಿತಾಗಿನಿಂದ ಅಪ್ಪನನ್ನು ಏಕವಚನದಲ್ಲೇ ಮಾತನಾಡಿಸಿದವಳು ನಾನು. ಈ ಬಹುವಚನ ಎಲ್ಲಿಂದ ಬಂತೋ!

“ಆಗ್ಲಿ ಸಿಸ್ಟರ್” ಎಂದ ಅಪ್ಪ.

ತಮಾಷೆಗೆ ಅಂದನೋ, ನೊಂದುಕೊಂಡು ಅಂದನೋ, ತಿಳಿಯಲಿಲ್ಲ. ಎದುರಿಗಿದ್ದಿದ್ದರೆ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಮತ್ತೆ ಫೋನ್ ಮಾಡೋಣವೆಂದರೆ ಅಲ್ಲಿ ಎಲ್ಲರೂ ಮಲಗಿರುತ್ತಾರೆ. ಮಾಡಿದರೂ ಏನೆಂದು ಕೇಳಲಿ? ಅಪ್ಪಾ, ನೀನು...