ತೂಬಿನ ಬಳಿಗೆ ಬಾರದವಳು

ಮುಳಬಾಗಿಲು, ೧೯೪೪

ಸುಬ್ಬರಾಯರೇ,

ನೀವು ತೀರಿಕೊಂಡು ವರ್ಷವಾಯಿತು. ಈ ಕಾಗದ ನಾಳೆ ಬಚ್ಚಲ ಒಲೆಗೆ ಹೋಗುತ್ತದೆ. ಆದರೂ ಬರೆಯದೆ ಇರಲಾರೆ.

ಇವತ್ತು ಮಧ್ಯಾಹ್ನ ನಿಮ್ಮ ಕಾದಂಬರಿ ಓದಿ ಮುಗಿಸಿದೆ. ಬೀದಿಯ ಹೆಂಗಸರು ನಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ. ಒಂದು ಅಧ್ಯಾಯ ಪಾಳೇಗಾರರ ಕಾಲದ ಜೋಡಿಯದು, ಮುಂದಿನದು ನಮ್ಮ ಕಾಲದ ಜೋಡಿಯದು. ಎರಡು ಜೋಡಿಯೂ ಸೇರಬೇಕಾದ ಜಾಗ ದೇವರಾಯಸಮುದ್ರದ ಕೆರೆಯ ತೂಬು. ಅಂದಿನವಳು ಕೆರೆ ಕೋಡಿ ಹರಿಯುತ್ತಿದ್ದರೂ ಬಂದಳು. ಇಂದಿನವಳಿಗೆ ನನ್ನ ಹಸಿರು ಸೀರೆ ಉಡಿಸಿ, ಅವಳು ಬರಲೇ ಇಲ್ಲ ಎಂದು ಬರೆದಿದ್ದೀರಿ.

"ಹಳೇ ಕಾಲ್ದೋಳೇ ವಾಸಿ ಕಣಮ್ಮ," ಎಂದರು ಆವಲಮ್ಮ. "ಧೈರ್ಯ ಇಲ್ದೋಳು ಮಾತು ಯಾಕೆ ಕೊಡ್ಬೇಕಿತ್ತು?"

ಪಕ್ಕದ ಮನೆಯ ಹಜೀರಾ ಕಣ್ಣೊರೆಸಿಕೊಂಡಳು. "ಪಾಪ, ಅವನು ಒಬ್ನೇ ಕಾದ್ನಲ್ಲ."

ನನ್ನಿಂದ ತಡೆಯಲಾಗಲಿಲ್ಲ. ಕೊನೆಯ ಪುಟ ಮತ್ತೆ ತೆರೆದು, ಅಲ್ಲಿ ಇಲ್ಲದ್ದನ್ನು ಓದಿದೆ: "ಅವಳು ಬಂದಿದ್ದಳು. ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು, ಕತ್ತಲಾಗುವವರೆಗೂ ತೂಬಿನ ಕಲ್ಲಿನ ಮೇಲೆ ಕೂತಿದ್ದಳು."

ಆವಲಮ್ಮನ ಕೈ ಹುಣಸೆಹಣ್ಣಿನಲ್ಲೇ ನಿಂತಿತು.

"ದೇವುಡಾ! ಅವ್ಳು ಬಂದಿದ್ಲಾ? ಹಂಗಾದ್ರೆ ಅವನೆಲ್ಲಿ ಹಾಳಾಗಿ ಹೋಗಿದ್ದ?"

ಅವನೆಲ್ಲಿದ್ದ ಎಂದು ನಾಳೆಯೂ ಬಂದು ಕೇಳುತ್ತಾರೆ. ಅವರೆಲ್ಲ ಎದ್ದು ಹೋದ ಮೇಲೆ ಪುಸ್ತಕದಲ್ಲಿ ಮೊದಲಿನಿಂದ ಹುಡುಕಿದೆ, ಒಂದು ಪುಟವನ್ನೂ ಬಿಡದೆ ಹುಡುಕಿದೆ. ಎಲ್ಲೂ ಇಲ್ಲ.

ಎಲ್ಲಿದ್ದಿರಿ?