ತಮ್ಮನನ್ನು ಕೊಂದವನು ನಾದಿದ ರೊಟ್ಟಿ

ಭಾನುವಾರ, ಮಾರ್ಚ್ ೯

ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಕ್ಕೆ ಈವರೆಗಿನ ಖರ್ಚು: ಮುನಿಸಿಕೊಂಡು ನನ್ನ ಬೇಕರಿ ಬಿಟ್ಟ ಹಳೆಯ ಕೆಲಸಗಾರ, ಬೇರೆ ಅಂಗಡಿ ಹಿಡಿದ ಗಿರಾಕಿಗಳು, ಹೆಂಡತಿಯ ಒಂದು ವಾರದ ಮೌನ. ಕೊನೆಯದನ್ನು ಖರ್ಚಿಗೆ ಬರೆಯಬೇಕೋ ಜಮೆಗೋ, ಇನ್ನೂ ತೀರ್ಮಾನಿಸಿಲ್ಲ.

ಕುಡಿದ ಜಗಳದಲ್ಲಿ ನನ್ನ ತಮ್ಮನನ್ನು ಕೊಂದವನು ಜೈಲಿನಿಂದ ಬಂದಾಗ, ಅವನಿಗೆ ಕೆಲಸ ಕೊಡು ಎಂದವಳು ಅಮ್ಮ. ಕೊಟ್ಟೆ, ಮನಸ್ಸಿನಿಂದಲ್ಲ, ಅವಳ ಬಾಯಿಗೆ ಹೆದರಿ. ಇವತ್ತು ಚರ್ಚಿನಲ್ಲಿ ಯೇಸುವಿನ ನೆನಪಿಗೆ ಎಲ್ಲರೂ ಹಂಚಿ ತಿನ್ನುವ ಪ್ರಭುಭೋಜನದ ರೊಟ್ಟಿಯನ್ನು ನಾದಿ ಬೇಯಿಸಿದವನೂ ಅವನೇ. ಅದು ಚರ್ಚಿಗೆಂದು ನಾನು ಅವನಿಗೆ ಹೇಳಿರಲಿಲ್ಲ. ಪಾದ್ರಿಗಳು ಅದನ್ನು ಎತ್ತಿ ಹಿಡಿದಾಗ, ಅವನು ಮೇಲೆ ತಾನೇ ಹಾಕಿದ ಗೀರು ನೋಡಿ ತನ್ನ ರೊಟ್ಟಿಯೆಂದು ಗೊತ್ತಾಗಿ, ಕೊನೆಯ ಬೆಂಚಿನಿಂದ ಎದ್ದು ಬಾಗಿಲ ಕಡೆ ನಡೆದ.

ಅಮ್ಮ ತಿರುಗಿ ಕೂಗಿದಳು. "ಲೋ, ಎಲ್ಲಿಗೆ ಹೊರಟೆ?"

"ಅದು ನನ್ನ ಕೈ ಮುಟ್ಟಿದ್ದು, ಅಮ್ಮಾ. ನೀವು ಹೇಗೆ ತಿಂತೀರಿ?"

"ಹಲ್ಲಿಲ್ಲ, ಮೆಲ್ಲಗೆ ತಿಂತೀನಿ. ಬಾ ಇಲ್ಲಿ."

ಅವನ ತೋಳು ಹಿಡಿದು ಮುಂದೆ ಹೋಗಿ, ಎಲ್ಲರಿಗಿಂತ ಮೊದಲು ತಿಂದಳು. "ನನ್ನ ಮಗನನ್ನ ನೀನು ಕಿತ್ಕೊಂಡೆ. ದೇವರು ತನ್ನ ಮಗನನ್ನ ತಾನಾಗೇ ಕೊಟ್ಟ, ನಿನಗೂ ಸೇರಿಸಿ. ನೀನು ಬೇಡ ಅನ್ನೋಕೆ ನಾನ್ಯಾರೋ?"

ಇಷ್ಟು ದಿನ ಕ್ಷಮೆಯೆಂದರೆ ಬಾಕಿಯ ಮೇಲೆ ಗೀಟು ಎಳೆಯುವುದು ಎಂದುಕೊಂಡಿದ್ದೆ. ಅಲ್ಲ. ಯಾರೋ ಅದನ್ನು ಪೂರ್ತಿ ಕಟ್ಟಿರುತ್ತಾರೆ. ನಾನೂ ಹೋಗಿ ಅವನ ಪಕ್ಕದಲ್ಲೇ ನಿಂತು ತಿಂದೆ. ಚೆನ್ನಾಗಿ ಬೆಂದಿತ್ತು.

ಅವನಿಗೆ ಮುಂದಿನ ಬೆಂಚು ಸಿಕ್ಕಿತು. ಅಮ್ಮನಿಗೆ, ಮನೆಗೆ ನಡೆಯುವಾಗ ಹಿಡಿದುಕೊಳ್ಳಲು ಇನ್ನೊಂದು ತೋಳು. ತಮ್ಮನಂತೂ ವಾಪಸು ಬರಲಿಲ್ಲ. ನನಗೆ, ಬಹಳ ದಿನಗಳ ಮೇಲೆ, ನಿದ್ದೆ ಬರುತ್ತಿದೆ.